ಯಂತ್ರದ ಮೇಲಣ ಕೋಪ

ಎಳೆಯ ಕೂಸು ಅಂಗಳದಲ್ಲಿ ಎಡವಿ ಬಿದ್ದು ಅಳತೊಡಗಿದರೆ, ತಾಯಿಯು ಓಡಿಬಂದು ಅದನ್ನೆತ್ತಿಕೊಂಡು, "ನಿನ್ನನ್ನು ಬೀಳಿಸಿತೇ ಈ ನೆಲ?" ಎಂದು ನೆಲಕ್ಕೆ ಎರಡೇಟು ಹಾಕಿ ತೋರಿಸುವುದುಂಟು. ಕೂಸು ಸಮಾಧಾನಗೊಂಡು ಸುಮ್ಮನಾಗುತ್ತದೆ. ನೆಲಕ್ಕೆ ನೋವಿಲ್ಲವೆಂಬುದು ತಾಯಿಗೆ ಗೊತ್ತು. ಕೂಸಿಗೂ ಕೆಲವು ದಿನಗಳಲ್ಲಿ ಗೊತ್ತಾಗುತ್ತದೆ. ಬುದ್ಧಿ ಬಲಿತ ಮನುಷ್ಯನು ಜಡವಸ್ತುವಿನ ಮೇಲೆ ಕೋಪಿಸಿಕೊಳ್ಳುವುದಿಲ್ಲ. ಕೋಪಿಸಿಕೊಂಡರೂ ಬಳಿಕ ನಾಚಿಕೊಳ್ಳುತ್ತಾನೆ. ಇದು ಸರ್ವಸಮ್ಮತವಾದ ಮಾತು. ಆದರೆ ಈ ಕಾಲದಲ್ಲಿ ಒಂದು ಬಗೆಯ ಯಂತ್ರವು ಮನೆಮನೆಗೂ ಬಂದು ಸೇರಿದೆ. ಅದರ ಮುಂದೆ ಕುಳಿತ ವಿದ್ಯಾವಂತರು, ಸಾತ್ತ್ವಿಕರು, ಮನೆಯಲ್ಲಿ ಯಾರಿಗೂ ಗಟ್ಟಿಯಾಗಿ ಒಂದು ಮಾತನ್ನಾಡದವರು ಕೂಡ ಮೇಜನ್ನು ಗುದ್ದುವುದನ್ನು ಕಾಣಬಹುದು. ಆ ಕೋಪವು ಕೂಸಿನ ಕೋಪವೇ, ಅಥವಾ ಅದಕ್ಕೆ ನ್ಯಾಯವಾದ ಆಧಾರವೇನಾದರೂ ಉಂಟೇ ಎಂಬುದು ವಿಚಾರಮಾಡತಕ್ಕ ಪ್ರಶ್ನೆಯಾಗಿದೆ.

ದೃಷ್ಟಾಂತಕ್ಕೆ ರೇಡಿಯೋ ಸ್ಕ್ಯಾನರ್ ಎಂಬ ಉಪಕರಣವನ್ನು ತೆಗೆದುಕೊಳ್ಳಬಹುದು. ಹಿಂದಿನ ರೇಡಿಯೋ ಪೆಟ್ಟಿಗೆಯಲ್ಲಿ ಒಂದು ತಿರುಗುಗುಂಡಿ ಇರುತ್ತಿತ್ತು. ಅದನ್ನು ತಿರುಗಿಸಿದಂತೆಲ್ಲ ಮುಳ್ಳು ಸರಿದು, ಗೊರಗೊರ ಸದ್ದಿನ ನಡುವೆ ಎಲ್ಲೋ ಒಂದು ಕಡೆ ಧ್ವನಿ ಸಿಕ್ಕುತ್ತಿತ್ತು. ಸ್ಕ್ಯಾನರಿನ ಕ್ರಮವೇ ಬೇರೆ. ಅದಕ್ಕೆ ಮೊದಲು ತರಂಗಸ್ಥಾನಗಳ ಪಟ್ಟಿಯೊಂದನ್ನು ಒಪ್ಪಿಸಬೇಕು. ಆಮೇಲೆ ಅದು ತಾನಾಗಿಯೇ ಆ ಪಟ್ಟಿಯನ್ನು ಮತ್ತೆ ಮತ್ತೆ ಸುತ್ತಿ, ಎಲ್ಲಿ ಮಾತು ನಡೆಯುತ್ತಿದೆಯೋ ಅಲ್ಲಿ ನಿಂತು ಕೇಳಿಸುತ್ತದೆ. ಹವ್ಯಾಸಿ ರೇಡಿಯೋದವರು ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳಲ್ಲಿಯೂ ಈ ಶಕ್ತಿಯುಂಟು. ಬಹಳ ಪ್ರಚಾರದಲ್ಲಿರುವ ಚೀನಾ ದೇಶದ ಮಾದರಿಯೊಂದರಲ್ಲಿ 128 ಸ್ಥಾನಗಳಿವೆ. ಅವನ್ನು ಸೆಟ್ಟಿನ ಮೇಲಣ ಚಿಕ್ಕ ಗುಂಡಿಗಳಿಂದ ಒಂದೊಂದಾಗಿ ತುಂಬುವುದು ಸಾಸಿವೆಯನ್ನು ಎಣಿಸಿ ಡಬ್ಬಕ್ಕೆ ಹಾಕಿದಂತೆ. ಆದುದರಿಂದ ಸೆಟ್ಟನ್ನು ಕೇಬಲಿನ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಅದಕ್ಕೆಂದೇ ಬರೆದ ಸಾಫ್ಟ್‌ವೇರಿನಿಂದ ಪಟ್ಟಿಯನ್ನು ಒಳಗಿಳಿಸುವ ಪದ್ಧತಿ ಬಂದಿತು. ಅನುಕೂಲಕ್ಕಾಗಿ ಬಂದಿತೆಂಬುದರಲ್ಲಿ ಸಂದೇಹವಿಲ್ಲ.

ಮಳವಳ್ಳಿಯಲ್ಲೊಬ್ಬ ವಿಜ್ಞಾನದ ಉಪಾಧ್ಯಾಯನಿದ್ದಾನೆಂದೂ, ಅವನು ಪರೀಕ್ಷೆ ಕೊಟ್ಟು ಹವ್ಯಾಸಿ ರೇಡಿಯೋದ ಪರವಾನಗಿ ಪಡೆದಿದ್ದಾನೆಂದೂ ಭಾವಿಸಬಹುದು. ಭೂಮಿಯಿಂದ ಸುಮಾರು 400 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಅಂತರರಾಷ್ಟ್ರೀಯ ನಿಲ್ದಾಣದಿಂದ ಗಗನಯಾತ್ರಿಗಳು ಶಾಲೆಯ ಮಕ್ಕಳೊಡನೆ ಹವ್ಯಾಸಿ ರೇಡಿಯೋದಲ್ಲಿ ಮಾತನಾಡುವುದುಂಟು. ಶುಭಾಂಶು ಶುಕ್ಲಾ ಅವರು 2025ರ ಜುಲೈ ತಿಂಗಳಲ್ಲಿ ಅಲ್ಲಿದ್ದಾಗ ಭಾರತದ ವಿದ್ಯಾರ್ಥಿಗಳೊಡನೆ ಹೀಗೆ ಮಾತನಾಡಿದರು. ಅಲ್ಲಿಂದ ಬರುವ ಧ್ವನಿಯ ಸ್ಥಾನವು 145.800 ಮೆಗಾಹರ್ಟ್ಸ್. ನಿಲ್ದಾಣವು ಗಂಟೆಗೆ ಸುಮಾರು 27,500 ಕಿಲೋಮೀಟರು ವೇಗದಲ್ಲಿ ಹೋಗುವುದರಿಂದ, ದಿಗಂತದಿಂದ ಎದ್ದು ದಿಗಂತದಲ್ಲಿ ಮುಳುಗುವುದಕ್ಕೆ ಹೆಚ್ಚೆಂದರೆ ಹತ್ತು ನಿಮಿಷ ಹಿಡಿಯುತ್ತದೆ. ಮದ್ದೂರಿನ ಸ್ಟೇಷನ್ನಿನಲ್ಲಿ ನಿಲ್ಲದೆ ಹೋಗುವ ರೈಲಿನ ಕೂಗು ಬರುವಾಗ ಏರಿ, ದಾಟಿದೊಡನೆ ಇಳಿಯುವಂತೆ, ಈ ಧ್ವನಿಯ ಸ್ಥಾನವೂ ಬರುವಾಗ ಸ್ವಲ್ಪ ಮೇಲಕ್ಕೂ ಹೋಗುವಾಗ ಸ್ವಲ್ಪ ಕೆಳಕ್ಕೂ ಸರಿಯುತ್ತದೆ. ಅದಕ್ಕಾಗಿ ಬಲ್ಲವರು 145.805, 145.800, 145.795 ಎಂಬ ಮೂರು ಸ್ಥಾನಗಳನ್ನು ಮೊದಲೇ ತುಂಬಿಟ್ಟುಕೊಳ್ಳುತ್ತಾರೆ. ಉಪಾಧ್ಯಾಯನು ಇದನ್ನೆಲ್ಲ ತಿಳಿದವನು. ಮಕ್ಕಳಿಗೆ ಆಕಾಶದ ಮಾತನ್ನು ಕೇಳಿಸಬೇಕೆಂಬುದೊಂದೇ ಅವನ ಆಸೆ.

ಅವನ ಸಂಜೆಯು ಹೇಗೆ ಕಳೆಯುತ್ತದೆಯೆಂಬುದು ಈ ಹವ್ಯಾಸವುಳ್ಳವರಿಗೆ ಹೊಸತಲ್ಲ. ಕೇಬಲನ್ನು ಜೋಡಿಸಿದರೆ ಕಂಪ್ಯೂಟರು ಅದನ್ನು ಗುರುತಿಸುವುದಿಲ್ಲ. ಡ್ರೈವರ್ ಎಂಬ ಸಣ್ಣ ಸಾಫ್ಟ್‌ವೇರು ಹೊಸದಾಯಿತು, ಹಳೆಯದನ್ನು ಹುಡುಕಿ ಹಾಕಬೇಕು ಎಂದು ಯಾರೋ ಹೇಳುತ್ತಾರೆ. ಹಾಕಿದ ಮರುದಿನ ಕಂಪ್ಯೂಟರು ಯಜಮಾನನನ್ನು ಕೇಳದೆ ಅದನ್ನು ಮತ್ತೆ ಹೊಸದಾಗಿ ಮಾಡಿಕೊಳ್ಳುತ್ತದೆ. ಅದೂ ಸರಿಹೋಯಿತೆಂದರೆ, 'ಮಾದರಿ ಹೊಂದುವುದಿಲ್ಲ' ಎಂಬ ಇಂಗ್ಲಿಷ್ ವಾಕ್ಯ ತೋರುತ್ತದೆ. ಯಾವ ಮಾದರಿ, ಯಾವುದಕ್ಕೆ ಹೊಂದುವುದಿಲ್ಲ ಎಂಬ ವಿವರಣೆಯಿಲ್ಲ. ಅದನ್ನೂ ದಾಟಿದನೆನ್ನಿ. 145.805 ಎಂದು ಬರೆದು ಮುಂದಿನ ಸಾಲಿಗೆ ಹೋದರೆ ಅದು ಸದ್ದಿಲ್ಲದೆ 145.800 ಆಗಿ ಕುಳಿತಿರುತ್ತದೆ. ಏಕೆಂದರೆ ಇನ್ನೆಲ್ಲೋ ಒಂದು ಪುಟದಲ್ಲಿ ಹೆಜ್ಜೆಯ ಅಳತೆ 12.5 ಕಿಲೋಹರ್ಟ್ಸ್ ಎಂದು ಮೊದಲೇ ನಿಗದಿಯಾಗಿದೆ. ಸ್ಥಾನಕ್ಕೊಂದು ಹೆಸರಿಡಬಹುದು, ಆದರೆ ಏಳು ರೋಮನ್ ಅಕ್ಷರಗಳೊಳಗೆ. ಶಿವನಸಮುದ್ರವೆಂಬ ಹೆಸರು ಅಲ್ಲಿ ಶಿವನಲ್ಲಿಯೇ ಮುಗಿದು, ಸಮುದ್ರದ ಒಂದೆರಡು ಹನಿ ಮಾತ್ರ ಉಳಿದೀತು. ಕಡೆಗೆ 'ಬರೆಯುವುದು ಪೂರ್ಣವಾಯಿತು' ಎಂಬ ಸಂದೇಶ ಬರುತ್ತದೆ. ಕೇಬಲನ್ನು ಬಿಡಿಸಿ ಸೆಟ್ಟನ್ನು ಹಚ್ಚಿದರೆ ಅದರಲ್ಲಿ ಏನೂ ಬರೆದಿಲ್ಲ. ಮಾಳಿಗೆಯ ಮೇಲೆ ಮಕ್ಕಳು ಕಾದಿದ್ದಾರೆ. ನಿಲ್ದಾಣವು ಯಾರಿಗೂ ಕಾಯುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಹುಟ್ಟಬಹುದು. ಯಾವ ವಿದ್ಯೆ ತಾನೇ ಕಷ್ಟವಿಲ್ಲದೆ ಬಂದಿತು? ಕಷ್ಟಕ್ಕೆ ಕೋಪವು ಉತ್ತರವಲ್ಲ, ತಾಳ್ಮೆಯೇ ಉತ್ತರವೆಂದು ಹಿರಿಯರು ಹೇಳುತ್ತ ಬಂದಿಲ್ಲವೇ? ಮಾತು ನಿಜ, ಆದರೆ ಕಷ್ಟಗಳೆಲ್ಲ ಒಂದೇ ಜಾತಿಯವಲ್ಲ. ಮಂಡ್ಯದ ಸೀಮೆಯಲ್ಲಿ ಆಲೆಮನೆಯನ್ನು ಕಾಣದವರಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲು ಯಾವ ಗಳಿಗೆಯಲ್ಲಿ ಬೆಲ್ಲವಾಗುವ ಹದಕ್ಕೆ ಬಂದಿತೆಂದು ಹೇಳುವುದು ಸುಲಭವಲ್ಲ. ಪಾಕದ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಿನಿಂದ ಉರುಟಿಸಿ ನೋಡಿ, ನುರಿತವನು "ಇಳಿಸಿ" ಎನ್ನುತ್ತಾನೆ. ಹೊಸಬನು ಒಂದೆರಡು ಕೊಪ್ಪರಿಗೆ ಕೆಡಿಸಿಯೇ ಕಲಿಯಬೇಕು. ಆದರೆ ಕೆಟ್ಟ ಪ್ರತಿಯೊಂದು ಕೊಪ್ಪರಿಗೆಯೂ ಅವನಿಗೆ ಬೆಂಕಿಯ ಸ್ವಭಾವವನ್ನೂ ಕಬ್ಬಿನ ಸ್ವಭಾವವನ್ನೂ ಒಂದಿಷ್ಟು ಹೇಳಿಕೊಟ್ಟಿರುತ್ತದೆ. ಮೊದಲ ಕಾಲದ ರೇಡಿಯೋ ಹವ್ಯಾಸಿಗಳ ಅವಸ್ಥೆಯೂ ಹೀಗೆಯೇ ಇದ್ದಿತು. ಗೆಲೀನಾ ಎಂಬ ಸೀಸದ ಅದಿರಿನ ಹರಳಿನ ಮೇಲೆ ಕೂದಲಿನಂಥ ತಂತಿಯನ್ನು ಅತ್ತ ಇತ್ತ ತಾಗಿಸಿ, ಎಲ್ಲಿ ಶಬ್ದ ಬರುವುದೋ ಎಂದು ಉಸಿರು ಬಿಗಿಹಿಡಿದು ಹುಡುಕುತ್ತಿದ್ದರು. ಮೈಸೂರಿನಲ್ಲಿ 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಪ್ರಸಾರಯಂತ್ರವನ್ನಿಟ್ಟು 'ಆಕಾಶವಾಣಿ'ಯನ್ನು ನಡೆಸಿದಾಗ, ಅವರಿಗೆ ಎದುರು ನಿಂತದ್ದು ಬಹುಮಟ್ಟಿಗೆ ದೂರ, ಹವೆ, ವಿದ್ಯುತ್ತು, ಹಣ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತನ್ನು ಸಾಗಿಸಿದ ಎಂಜಿನಿಯರುಗಳನ್ನು ಎದುರಿಸಿದ್ದೂ ತಂತಿಯ ಮತ್ತು ದೂರದ ಸ್ವಭಾವವೇ. ನಿಸರ್ಗವು ಮನುಷ್ಯನಿಗೆ ಅಡ್ಡ ನಿಂತಾಗ ಮೋಸಮಾಡುವುದಿಲ್ಲ. ನಿನ್ನೆ ಒಂದು ನಿಯಮ ಇಂದು ಒಂದು ನಿಯಮವೆಂದು ಅದಕ್ಕಿಲ್ಲ. ಆ ಕಷ್ಟದ ಮುಂದೆ ತಾಳ್ಮೆಯು ಗುಣ. ಏಕೆಂದರೆ ತಾಳಿದವನಿಗೆ ತಿಳಿವಳಿಕೆಯ ಕೂಲಿ ಸಿಕ್ಕುತ್ತದೆ.

ಉಪಾಧ್ಯಾಯನಿಗೆ ಆ ಸಂಜೆ ಸಿಕ್ಕಿದ ಕೂಲಿಯೇನು? ತರಂಗಗಳ ವಿಷಯವಾಗಿ ಒಂದಕ್ಷರವೂ ಹೆಚ್ಚಾಗಿ ಅವನಿಗೆ ತಿಳಿಯಲಿಲ್ಲ. ತಿಳಿದದ್ದೆಲ್ಲ, ಎಲ್ಲೋ ದೂರದಲ್ಲಿ ಕುಳಿತ ಯಾರೋ ಒಬ್ಬನು ಹೆಜ್ಜೆಯ ಅಳತೆಯನ್ನು ಕಣ್ಣಿಗೆ ಬೀಳದ ಪುಟದಲ್ಲಿ ಅಡಗಿಸಿದನೆಂಬುದು. ಅದೂ ಮುಂದಿನ ಮಾದರಿಯಲ್ಲಿ ಬದಲಾಗುವ ವಿಷಯ. ಇದು ನಿಸರ್ಗದ ಅಡ್ಡಿಯಲ್ಲ; ಮನುಷ್ಯನ ಔದಾಸೀನ್ಯವು ನಿಸರ್ಗದ ವೇಷ ಹಾಕಿಕೊಂಡು ಬಂದದ್ದು. ಇಲ್ಲಿಯೂ ತಾಳ್ಮೆಯನ್ನೇ ಉಪದೇಶಿಸುವವರು ಬಂಡೆಗೆ ತೋರಿಸಬೇಕಾದ ಮರ್ಯಾದೆಯನ್ನು ಬಂಡೆಯ ಹಿಂದೆ ಅಡಗಿದವನಿಗೆ ತೋರಿಸುತ್ತಿದ್ದಾರೆ.

ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಾಫ್ಟ್‌ವೇರು ಎಂಬುದು ಕಬ್ಬಿಣವೂ ಅಲ್ಲ, ಮರವೂ ಅಲ್ಲ. ಅದು ಬರೆದಿಟ್ಟ ಮಾತು. ಇಂಥದಾದರೆ ಹೀಗೆ ಮಾಡು, ಅಂಥದಾದರೆ ಹೀಗೆ ಹೇಳು ಎಂದು ಒಬ್ಬ ಮನುಷ್ಯನು ಬರೆದು ಹೋದ ಆಜ್ಞೆಗಳ ಮಾಲೆ. ಪರದೆಯ ಮೇಲೆ 'ಪೂರ್ಣವಾಯಿತು' ಎಂದು ತೋರಿದಾಗ ಹಾಗೆಂದದ್ದು ಯಂತ್ರವಲ್ಲ. ನಿಜವಾಗಿ ಪೂರ್ಣವಾಯಿತೇ ಎಂದು ಪರೀಕ್ಷಿಸುವ ಒಂದು ಸಾಲನ್ನು ಬರೆಯಲು ಬೇಸರಪಟ್ಟು, ಪೂರ್ಣವಾಯಿತೆಂಬ ಸಾಲನ್ನು ಮಾತ್ರ ಬರೆದ ಒಬ್ಬನು ಹಾಗೆಂದನು. ಗೀತೆಯ 17ನೆಯ ಅಧ್ಯಾಯವು ಮಾತಿಗೂ ಒಂದು ತಪಸ್ಸನ್ನು ವಿಧಿಸಿದೆ. ಅದನ್ನು ಮನೆಯಲ್ಲಿ ಮಕ್ಕಳಿಗೂ ಸಭೆಯಲ್ಲಿ ಭಾಷಣಕಾರರಿಗೂ ಅನ್ವಯಿಸುತ್ತಾರೆ. ಇಂದು ಲಕ್ಷಾಂತರ ಮನೆಗಳಲ್ಲಿ ದಿನಕ್ಕೆ ನೂರು ಸಲ ನುಡಿಯುವ ವಾಕ್ಯಗಳಿಗೆ ಅದು ಅನ್ವಯಿಸುವುದಿಲ್ಲವೆನ್ನುವುದಕ್ಕೆ ಕಾರಣವು ಕಾಣದು. ಆಗದ ಕೆಲಸವನ್ನು ಆಯಿತೆನ್ನುವುದು ಸುಳ್ಳು. 'ಅಜ್ಞಾತ ದೋಷ' ಎಂದು ನಿಲ್ಲಿಸಿಬಿಡುವುದು, ಕೇಳಿದವನ ಮುಖದ ಮೇಲೆ ಬಾಗಿಲು ಹಾಕಿದಂತೆ. ಬರೆದ ಸಂಖ್ಯೆಯನ್ನು ಹೇಳದೆ ಕೇಳದೆ ಬದಲಿಸುವುದನ್ನು ಶ್ಯಾನುಭೋಗನೊಬ್ಬನು ಪಹಣಿಯಲ್ಲಿ ಮಾಡಿದ್ದರೆ ಅದಕ್ಕೆ ಏನು ಹೆಸರಿಡುತ್ತಿದ್ದರೆಂಬುದನ್ನು ವಾಚಕರೇ ಊಹಿಸಬಹುದು.

ಆದುದರಿಂದ ಕೋಪಕ್ಕೆ ಆಧಾರವುಂಟು. ತೊಂದರೆಯೇನೆಂದರೆ, ಅದಕ್ಕೆ ವಿಳಾಸವಿಲ್ಲ. ಹಳೆಯ ಮೈಸೂರಿನ ಕೆರೆಗಳಲ್ಲಿ ನೀರುಗಂಟಿಯೆಂಬವನಿದ್ದನು. ಗದ್ದೆ ರೈತನದು, ನೀರು ಕೆರೆಯದು, ತೂಬನ್ನು ಎತ್ತಿ ಇಳಿಸುವ ಅಧಿಕಾರ ಮಾತ್ರ ನೀರುಗಂಟಿಯದು. ಅವನು ಪಕ್ಷಪಾತ ಮಾಡುತ್ತಿರಲಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಅವನು ಅದೇ ಊರಿನವನು. ಗದ್ದೆ ಒಣಗಿದವನು ಅವನ ಮನೆಯ ಬಾಗಿಲಿಗೆ ಹೋಗಿ ನಿಂತು ಕೂಗಬಹುದಾಗಿತ್ತು, ಅವನು ಹೊರಗೆ ಬಂದು ಉತ್ತರ ಹೇಳಬೇಕಾಗಿತ್ತು. ಈಗಿನ ಯಂತ್ರಗಳಲ್ಲಿ ತೂಬು ಉಂಟು, ತೂಬಿಗೆ ಬೀಗವುಂಟು. ನೀರುಗಂಟಿಯ ಮನೆ ಮಾತ್ರ ಯಾವ ಊರಿನಲ್ಲಿದೆಯೋ ತಿಳಿಯದು. ಹೀಗಿರಲು ಕೋಪವು ಹತ್ತಿರವಿದ್ದವರ ಮೇಲೆ ಬೀಳುತ್ತದೆ. ಮಂಡ್ಯದ ಪೇಟೆಯಲ್ಲಿ ಕೇಬಲು ಮಾರಿದ ಅಂಗಡಿಯವನು ಬೈಗುಳ ತಿನ್ನುತ್ತಾನೆ. ಅವನಿಗೂ ಒಳಗಿನ ಚಿಪ್ಪು ಯಾವುದೆಂದು ಯಾರೂ ಹೇಳಿರುವುದಿಲ್ಲ. ಪಕ್ಕದಲ್ಲಿ ಪ್ರಶ್ನೆ ಕೇಳಿದ ಮಗನು ಬೈಸಿಕೊಳ್ಳುತ್ತಾನೆ.

ಇವಕ್ಕಿಂತ ಹೆಚ್ಚಾಗಿ ನಡೆಯುವ, ಯಾರ ಕಣ್ಣಿಗೂ ಬೀಳದ ಅನ್ಯಾಯವು ಇನ್ನೊಂದು. ಬಹುಮಂದಿಯಲ್ಲಿ ಕೋಪವು ಒಳಕ್ಕೇ ತಿರುಗುತ್ತದೆ. "ನನಗೆ ತಿಳಿಯದು, ವಯಸ್ಸಾಯಿತು, ಇದು ಹುಡುಗರ ಕಾಲ" ಎಂದು ಮೂವತ್ತು ವರುಷ ಗಣಿತ ಕಲಿಸಿದವರು ತಗ್ಗಿದ ಧ್ವನಿಯಲ್ಲಿ ಹೇಳಿ, ಉಪಕರಣವನ್ನು ಮೊಮ್ಮಗನ ಕೈಗೆ ಕೊಟ್ಟು ಎದ್ದು ಹೋಗುತ್ತಾರೆ. ಮೊಮ್ಮಗನಿಗೂ ತಿಳಿದಿರುವುದಿಲ್ಲ, ಅವನಿಗೆ ನಾಚಿಕೆಯಿಲ್ಲದಿರುವುದರಿಂದ ಕಂಡ ಗುಂಡಿಯನ್ನೆಲ್ಲ ಒತ್ತುತ್ತಾನೆ, ಅಷ್ಟೇ ವ್ಯತ್ಯಾಸ. ಇನ್ನೊಬ್ಬನು ಕೆಟ್ಟದಾಗಿ ಬರೆದ ವಾಕ್ಯವನ್ನು ತಿಳಿಯಲಾರದ್ದಕ್ಕೆ ಓದಿದವನು ತನ್ನನ್ನು ದಡ್ಡನೆಂದುಕೊಳ್ಳುವುದು ವಿನಯವಲ್ಲ. ಬೇರೆಯವರ ಸಾಲಕ್ಕೆ ತಾನು ರುಜು ಹಾಕಿದಂತೆ.

ಕೇಬಲಿನ ವಿಷಯದಲ್ಲಿ ನಡೆದ ಒಂದು ನಿಜವಾದ ಘಟನೆಯನ್ನು ಇಲ್ಲಿ ನೆನೆಯುವುದು ಯುಕ್ತ. ಇಂಥ ಕೇಬಲಿನ ತುದಿಯಲ್ಲಿ ಉಗುರಿನಷ್ಟು ಚಿಕ್ಕದಾದ ಚಿಪ್ಪೊಂದಿರುತ್ತದೆ. ಕಂಪ್ಯೂಟರಿನ ಭಾಷೆಯನ್ನು ಸೆಟ್ಟಿಗೂ ಸೆಟ್ಟಿನ ಭಾಷೆಯನ್ನು ಕಂಪ್ಯೂಟರಿಗೂ ಹೇಳುವ ದುಭಾಷಿಯೆಂದು ಅದನ್ನು ತಿಳಿಯಬಹುದು. ಸ್ಕಾಟ್ಲೆಂಡಿನ ಎಫ್‌ಟಿಡಿಐ ಎಂಬ ಸಂಸ್ಥೆಯು ಈ ಚಿಪ್ಪುಗಳಿಗೆ ಹೆಸರಾದುದು. ಅದರ ಹೆಸರಿನಲ್ಲಿ ನಕಲಿ ಚಿಪ್ಪುಗಳೂ ಜಗತ್ತಿನ ತುಂಬ ಹರಡಿದ್ದುವು. 2014ರ ಅಕ್ಟೋಬರಿನಲ್ಲಿ ವಿಂಡೋಸ್ ಕಂಪ್ಯೂಟರುಗಳಿಗೆ ತಾನಾಗಿ ಬಂದಿಳಿದ ಆ ಸಂಸ್ಥೆಯ ಹೊಸ ಡ್ರೈವರು, ನಕಲಿ ಚಿಪ್ಪು ಕಂಡಲ್ಲೆಲ್ಲ ಅದರ ಗುರುತಿನ ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ಆ ಬಳಿಕ ಕಂಪ್ಯೂಟರುಗಳು ಆ ಕೇಬಲನ್ನು ಗುರುತಿಸದೆ ಹೋದುವು. ಸಂಸ್ಥೆಗೆ ಅನ್ಯಾಯವಾಗಿತ್ತೆಂಬುದು ನಿರ್ವಿವಾದ. ಆದರೆ ನಕಲಿ ಮಾಡಿದವನು ಹಣ ಎಣಿಸಿಕೊಂಡು ಹೋಗಿಯಾಗಿದ್ದನು. ದಂಡ ತೆತ್ತವನು, ಅಸಲೋ ನಕಲೋ ಕಣ್ಣಿನಿಂದ ಕಂಡುಹಿಡಿಯಲಾಗದ ವಸ್ತುವನ್ನು ಬೆಲೆಕೊಟ್ಟು ಕೊಂಡವನು. ಪ್ರತಿಭಟನೆಯೆದ್ದು ಆ ಡ್ರೈವರನ್ನು ಹಿಂದಕ್ಕೆ ತೆಗೆದುಕೊಂಡರು. 2016ರಲ್ಲಿ ಇನ್ನೊಂದು ಡ್ರೈವರು ಬಂದಿತು. ಅದು ಚಿಪ್ಪನ್ನು ಕೆಡಿಸಲಿಲ್ಲ. ಸಾಗಿಸಬೇಕಾದ ಮಾತಿಗೆ ಬದಲಾಗಿ, ಅಸಲಲ್ಲದ ಉಪಕರಣ ಸಿಕ್ಕಿದೆಯೆಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ತಂತಿಯೊಳಗೆ ನುಡಿಯತೊಡಗಿತು. ಈ ಎರಡರಲ್ಲಿ ಎರಡನೆಯದು ಮೇಲು, ಸತ್ಯವನ್ನಾದರೂ ಹೇಳಿತು. ಆದರೆ ಯಾರಿಗೆ ಹೇಳಿತು? ಪರದೆಯ ಮುಂದೆ ಕುಳಿತ ಮನುಷ್ಯನಿಗಲ್ಲ, ತಂತಿಯ ಆ ಕೊನೆಯಲ್ಲಿರುವ ಯಂತ್ರಕ್ಕೆ. ಆ ಯಂತ್ರವು ರೇಡಿಯೋವೋ ಇನ್ನಾವ ಅಳತೆಯ ಉಪಕರಣವೋ ಎಂಬುದನ್ನು ನೋಡಲಿಲ್ಲ. ದುಭಾಷಿಯು ಯಜಮಾನನ ಮೇಲಣ ಮುನಿಸನ್ನು ತೀರಿಸಿಕೊಳ್ಳಲು ಸಂಧಾನದ ಮಾತನ್ನೇ ಕೆಡಿಸಿದಂತಾಯಿತು.

ಬೀಗಗಳೆಲ್ಲ ಅನ್ಯಾಯವೆಂದು ಇದರಿಂದ ತಿಳಿಯಬಾರದು. ಸ್ಕ್ಯಾನರು ಕೇಳುವ ಯಂತ್ರ, ಕೇಳುವುದಕ್ಕೂ ಮರ್ಯಾದೆಯುಂಟು. ಪಕ್ಕದ ಮನೆಯ ಕಿಟಕಿ ತೆರೆದಿದೆಯೆಂದು ಕಿವಿಗೊಟ್ಟು ನಿಲ್ಲುವುದನ್ನು ಯಾವ ಸಂಸಾರಸ್ಥನೂ ಒಪ್ಪುವುದಿಲ್ಲ. ಹಳೆಯ ಸೆಲ್ಯುಲರ್ ದೂರವಾಣಿಯ ಮಾತುಗಳು ಸ್ಕ್ಯಾನರುಗಳಲ್ಲಿ ಕೇಳಿಬರುತ್ತಿದ್ದ ಕಾರಣ, ಅಮೆರಿಕದಲ್ಲಿ 1994ರಿಂದ ಆ ಸ್ಥಾನಗಳನ್ನು ಕೇಳಬಲ್ಲ ಸ್ಕ್ಯಾನರುಗಳ ತಯಾರಿಕೆಯನ್ನು ನಿಷೇಧಿಸಿದರು. ಭಾರತದಲ್ಲಿ 1933ರ ವೈರ್‌ಲೆಸ್ ಕಾಯಿದೆಯು ಅನುಮತಿಯಿಲ್ಲದೆ ಇಂಥ ಉಪಕರಣವನ್ನು ಇಟ್ಟುಕೊಳ್ಳಬಾರದೆಂದು ವಿಧಿಸಿತು. 2023ರ ದೂರಸಂಪರ್ಕ ಕಾಯಿದೆಯೂ ಅನುಮತಿಯ ತತ್ತ್ವವನ್ನು ಬಿಟ್ಟಿಲ್ಲ. ಪರವಾನಗಿಯ ಮಾತನ್ನು ತಿಳಿಸದೆ ವಾಕಿಟಾಕಿಗಳನ್ನು ಮಾರುತ್ತಿದ್ದುದಕ್ಕಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2025ರ ಮೇ ತಿಂಗಳಲ್ಲಿ 13 ಇಂಟರ್ನೆಟ್ ಮಾರಾಟಗಾರರಿಗೆ ನೋಟೀಸು ಕೊಟ್ಟಿತು. ಇನ್ನೊಬ್ಬರ ಏಕಾಂತವನ್ನು ಕಾಯುವ ಬೀಗವು ತಾನು ಬೀಗವೆಂದು ಹೇಳಿಕೊಳ್ಳುತ್ತದೆ, ಕಾರಣವನ್ನೂ ಕಾನೂನಿನಲ್ಲಿ ಬರೆದಿರುತ್ತದೆ. ಅದಕ್ಕೆ ತಲೆಬಾಗುವುದು ನಾಗರಿಕನಿಗೆ ಅವಮಾನವಲ್ಲ. 145.800ನ್ನು ಕೇಳಲು ಪರವಾನಗಿಯಿರುವವನಿಗೆ ಹೆಜ್ಜೆಯ ಅಳತೆಯಿಂದ ಅಡ್ಡ ಬಂದ ಬೀಗವು ಯಾರ ಏಕಾಂತವನ್ನೂ ಕಾಯುತ್ತಿಲ್ಲ.

ತಯಾರಕರ ಪಕ್ಷದಲ್ಲಿ ಇನ್ನೊಂದು ವಾದವುಂಟು. ಸೆಟ್ಟಿನ ಬೆಲೆ ಬಹಳ ಕಡಮೆ. ಆ ಬೆಲೆಗೆ ಸಾಫ್ಟ್‌ವೇರನ್ನು ಒಪ್ಪವಾಗಿ ಬರೆಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಇದಕ್ಕೆ ಉತ್ತರವನ್ನು ಹವ್ಯಾಸಿಗಳೇ ಕೊಟ್ಟಿದ್ದಾರೆ. ಡ್ಯಾನ್ ಸ್ಮಿತ್ ಎಂಬ ಅಮೆರಿಕದ ಹವ್ಯಾಸಿಯು ಚಿರ್ಪ್ ಎಂಬ ಸಾಫ್ಟ್‌ವೇರನ್ನು ಆರಂಭಿಸಿ, ಅದರ ಬರಹವನ್ನೆಲ್ಲ ಎಲ್ಲರೂ ಓದಿ ತಿದ್ದುವಂತೆ ತೆರೆದಿಟ್ಟನು. ಹಲವರು ಸಂಬಳವಿಲ್ಲದೆ ಕೈಗೂಡಿಸಿ, ತಯಾರಕರು ಹೇಳದೆ ಬಿಟ್ಟ ಸೆಟ್ಟುಗಳ ಒಳಗುಟ್ಟನ್ನು ಒಂದೊಂದಾಗಿ ಕಂಡುಹಿಡಿದು ಬರೆದರು. ಅನೇಕ ಸಂಸ್ಥೆಗಳ ಸೆಟ್ಟುಗಳಿಗೆ ಇಂದು ಅದೊಂದೇ ಸಾಕಾಗುತ್ತದೆ. ಅದರಲ್ಲಿ ಮೊದಲು ಸೆಟ್ಟಿನಲ್ಲಿರುವುದನ್ನು ಓದಿ ಒಂದು ಪ್ರತಿಯನ್ನು ಕಾಪಾಡಿಟ್ಟುಕೊಂಡು ಆಮೇಲೆ ಬರೆಯುವುದು ಪದ್ಧತಿ; ಕೆಟ್ಟರೆ ಹಿಂದಿನ ಸ್ಥಿತಿಗೆ ಬರಬಹುದು. ಅದರಲ್ಲಿಯೂ ದೋಷಗಳುಂಟು, ಎಲ್ಲ ಸ್ಕ್ಯಾನರುಗಳಿಗೂ ಅದು ನಡೆಯುವುದಿಲ್ಲ. ಆದರೆ ದೋಷ ಕಂಡವನು ಯಾವ ಸಾಲಿನಲ್ಲಿ ಅದಿದೆಯೆಂದು ತೆರೆದು ನೋಡಬಹುದು, ಬರೆದವರಿಗೆ ತಿಳಿಸಬಹುದು. ನೀರುಗಂಟಿಗೆ ಮನೆಯುಂಟು. ಬಿಡುವಿನ ಸಂಜೆಗಳಲ್ಲಿ ಇಷ್ಟಾಗುವುದಾದರೆ, ಬೆಲೆ ಸಾಲದೆಂಬ ವಾದವು ಅಷ್ಟೇನೂ ಬಲವಾದುದಲ್ಲ. ಕೊರತೆಯಾದದ್ದು ಹಣವಲ್ಲ, ಕೊಂಡವನು ಒಬ್ಬ ಮನುಷ್ಯನೆಂಬ ನೆನಪು.

ಇದು ಕೆಲವೇ ಮಂದಿ ಹವ್ಯಾಸಿಗಳ ಗೋಳು, ಕಬ್ಬು ಬತ್ತ ಬೆಳೆಯುವ ಸೀಮೆಗೆ ಇದರಿಂದೇನು ಎನ್ನುವವರಿರಬಹುದು. ಅಮೆರಿಕದ ರೈತರು ತಮ್ಮ ಟ್ರ್ಯಾಕ್ಟರು ಕೆಟ್ಟಾಗ, ಅದರೊಳಗಣ ಸಾಫ್ಟ್‌ವೇರಿನ ಬೀಗದ ಕಾರಣದಿಂದ ತಾವೇ ರಿಪೇರಿ ಮಾಡಿಕೊಳ್ಳಲಾರದೆ, ಸುಗ್ಗಿಯ ದಿನಗಳಲ್ಲಿ ಸಂಸ್ಥೆಯ ಮನುಷ್ಯನಿಗಾಗಿ ಕಾದು ಕೂರಬೇಕಾಯಿತು. ಕೊಲೊರಾಡೋ ಸಂಸ್ಥಾನವು 2023ರಲ್ಲಿ ಕೃಷಿಯಂತ್ರಗಳ ರಿಪೇರಿಯ ಹಕ್ಕಿಗೆ ಶಾಸನ ಮಾಡಿತು. ಭಾರತ ಸರ್ಕಾರವು 2022ರಲ್ಲಿ ಇದೇ ಹಕ್ಕಿನ ವಿಷಯವಾಗಿ ಒಂದು ಸಮಿತಿಯನ್ನು ನೇಮಿಸಿ, ಅದೇ ವರುಷದ ಡಿಸೆಂಬರಿನಲ್ಲಿ ಒಂದು ಮಾಹಿತಿತಾಣವನ್ನು ತೆರೆಯಿತು. ಅಲ್ಲಿ ಮೊದಲು ಆರಿಸಿಕೊಂಡ ವರ್ಗಗಳು ನಾಲ್ಕು: ಕೃಷಿಯ ಉಪಕರಣಗಳು, ಮೊಬೈಲ್ ಮೊದಲಾದುವು, ಗೃಹೋಪಯೋಗಿ ಯಂತ್ರಗಳು, ವಾಹನಗಳು. ಹವ್ಯಾಸಿಯ ರೇಡಿಯೋ ಆ ಪಟ್ಟಿಯಲ್ಲಿಲ್ಲ. ಟ್ರ್ಯಾಕ್ಟರು ಉಂಟು, ಮದ್ದೂರಿನ ರೈತನ ಟ್ರ್ಯಾಕ್ಟರಿನ ಮುಂಭಾಗದಲ್ಲಿ ಒಂದು ದಿನ ಕೆಂಪು ದೀಪ ಹತ್ತಿ, 'ಅಜ್ಞಾತ ದೋಷ' ಎಂಬ ಎರಡು ಇಂಗ್ಲಿಷ್ ಶಬ್ದಗಳು ಮೂಡಿದಾಗ ಅವನು ಮೊದಲು ಯಾರನ್ನು ಬೈಯುವನೋ ನೋಡಬೇಕು.